ಮಕ್ಕಳ ಶಿಬಿರದ ಮೊಲದ ಗೂಡಿನಲ್ಲಿ ನೀರಿಲ್ಲ. ಯಾರಿಗೆ ಹೇಳಲಿ, ಹೇಗೆ ಹೇಳಲಿ?

ಹೊಂಗೆನೆರಳು · ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇವತ್ತು ನೋಡಿದ್ದು ಕಣ್ಣಿಂದ ಹೋಗುತ್ತಿಲ್ಲ. ಇಲ್ಲಿ ಪಶುವೈದ್ಯರು, ಕುರಿ ಸಾಕುವವರು, ಮಕ್ಕಳ ಜೊತೆ ಕೆಲಸ ಮಾಡುವವರು ಎಲ್ಲ ಇದ್ದೀರಿ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಊರಾಚೆ ಒಂದು ತೋಟದಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಮಕ್ಕಳ ಬೇಸಿಗೆ ಶಿಬಿರ ನಡೆಯುತ್ತದೆ. ಊರಿನ ಹೆಸರು, ಶಿಬಿರದ ಹೆಸರು ಎರಡೂ ಹೇಳುವುದಿಲ್ಲ, ದಯವಿಟ್ಟು ಕೇಳಬೇಡಿ. 9ರಿಂದ 14 ವರ್ಷದ ಸುಮಾರು 40 ಮಕ್ಕಳು ಬರುತ್ತಾರೆ. ಈಜು, ಮಣ್ಣಿನ ಕೆಲಸ, ಹಾಡು. ಅದರ ಜೊತೆಗೆ ಪ್ರಾಣಿಗಳನ್ನು ನೋಡಿಕೊಳ್ಳುವ ಒಂದು ಗುಂಪು ಇದೆ. ಆರು ಮೊಲ, ಎರಡು ಮೇಕೆ, ಒಂದಷ್ಟು ಕೋಳಿ, ಸವಾರಿಗೆ ಒಂದು ಪೋನಿ ಕುದುರೆ. ನಾನು ಅಲ್ಲಿ ಕಸೂತಿ, ಕಾಗದದ ಕೆಲಸ ಹೇಳಿಕೊಡಲು ಹೋಗುತ್ತೇನೆ. ಪ್ರಾಣಿಗಳ ಕಡೆ ನನ್ನ ಜವಾಬ್ದಾರಿ ಇಲ್ಲ.

ಇವತ್ತು ಮಧ್ಯಾಹ್ನ ಊಟದ ಹೊತ್ತಿಗೆ 12 ವರ್ಷದ ಒಬ್ಬ ಹುಡುಗಿ ಬಂದು ನನ್ನ ಕೈ ಹಿಡಿದು ಎಳೆದಳು. "ಅಕ್ಕಾ, ಆ ಬೂದು ಮೊಲ ನಿನ್ನೆಯಿಂದ ಕೂತ ಜಾಗ ಬಿಟ್ಟು ಎದ್ದಿಲ್ಲ. ಬನ್ನಿ, ನೋಡಿ" ಅಂದಳು. ಹೋದೆ. ಗೂಡು ಇರುವುದು ತಗಡಿನ ಶೀಟಿನ ಕೆಳಗೆ. ಕೈಯಿಟ್ಟರೆ ತಗಡು ಚುರುಕ್ ಅಂತಿತ್ತು. ನೀರಿನ ಬಾಟಲಿ ತಲೆಕೆಳಗಾಗಿ ನೇತಾಡುತ್ತಿತ್ತು. ಅದರಲ್ಲಿ ಅರ್ಧದಷ್ಟು ನೀರೂ ಇತ್ತು. ದೂರದಿಂದ ನೋಡಿದವರಿಗೆ ಎಲ್ಲ ಸರಿಯಾಗಿದೆ ಅನ್ನಿಸಬೇಕು, ಹಾಗಿತ್ತು. ಆ ಹುಡುಗಿ ಕೊಳವೆಯ ತುದಿಯನ್ನು ಬೆರಳಿನಿಂದ ಒತ್ತಿ ತೋರಿಸಿದಳು. ಒಳಗಿನ ಗುಂಡು ಪಾಚಿ ಕಟ್ಟಿ ಅಂಟಿಕೊಂಡಿತ್ತು. ಎಷ್ಟು ಒತ್ತಿದರೂ ಒಂದು ಹನಿ ಬರಲಿಲ್ಲ.

ಅಡುಗೆಮನೆಯಿಂದ ಒಂದು ಬಟ್ಟಲು ನೀರು ತಂದಿಟ್ಟೆ. ಐದು ಮೊಲಗಳು ಒಂದರ ಮೇಲೊಂದು ಬಿದ್ದು ಕುಡಿದವು. ಬೂದು ಮೊಲ ಏಳಲಿಲ್ಲ. ಅದರ ಕಿವಿಯ ಒಳಗೆ ಕಂದು ಬಣ್ಣದ ಹಕ್ಕಳೆ ಪದರ ಪದರವಾಗಿ ಕಟ್ಟಿತ್ತು.

ಆಮೇಲೆ ಕುದುರೆ. ಜೀನು ಇಳಿಸಿದಾಗ ಬೆನ್ನಿನ ಏರಿನ ಮೇಲೆ ಎಂಟಾಣೆ ಅಗಲದ ಹಸಿ ಗಾಯ ಕಂಡಿತು. ಅದರ ಮೇಲೆ ಗೋಣಿಬಟ್ಟೆ ಮಡಚಿಟ್ಟು, ಮತ್ತೆ ಜೀನು ಬಿಗಿದು, ಸಂಜೆಯವರೆಗೂ ಮಕ್ಕಳನ್ನು ಹತ್ತಿಸಿದರು.

ಶಿಬಿರ ನಡೆಸುವವರು ನಿವೃತ್ತ ಮೇಷ್ಟ್ರು. ನಾನೂ ಅವರ ಹತ್ತಿರ ಓದಿದವಳು. ಕೈಲಾಗದವರ ಮಕ್ಕಳಿಂದ ಒಂದು ರೂಪಾಯಿ ತಗೊಳ್ಳುವುದಿಲ್ಲ. ಪ್ರಾಣಿ ನೋಡಿಕೊಳ್ಳುವ ಆಳು ಊರ ಜಾತ್ರೆಗೆ ಹೋದವನು ವಾಪಸ್ ಬಂದಿಲ್ಲವಂತೆ. ಇದನ್ನು ಹಿಂಸೆ ಅನ್ನಬೇಕಾ, ಉದಾಸೀನ ಅನ್ನಬೇಕಾ? ಹೇಳಿದರೆ ಮೇಷ್ಟ್ರು ನೊಂದುಕೊಳ್ಳುತ್ತಾರೆ. ಸುಮ್ಮನಿದ್ದರೆ ನಾಳೆ ಆ ಹುಡುಗಿಗೆ ಹೇಗೆ ಮುಖ ತೋರಿಸಲಿ?

ನಿವೃತ್ತ ಪಶುವೈದ್ಯ · ಶನಿವಾರ, ರಾತ್ರಿ 10:05

ತಾಯಿ, ಯಾರ ತಪ್ಪು ಅನ್ನುವುದನ್ನು ನಾಳೆ ಮಾತಾಡೋಣ. ಮೊಲ 12 ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಕೂತರೆ ಅದು ತುರ್ತು ಸ್ಥಿತಿ. ಮೊಲದ ಕರುಳು ಸದಾ ನಡೆಯುತ್ತಿರಬೇಕು. ನಿಂತಿತು ಅಂದರೆ ಹೊಟ್ಟೆಯಲ್ಲಿ ಗಾಳಿ ತುಂಬುತ್ತದೆ, ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ಈಗಲೇ ಮೇಷ್ಟ್ರಿಗೆ ಫೋನ್ ಮಾಡಿ. "ಮೊಲಕ್ಕೆ ಹುಷಾರಿಲ್ಲ, ಡಾಕ್ಟರ ಹತ್ತಿರ ಒಯ್ಯಬೇಕು" ಅಂತ ಮಾತ್ರ ಹೇಳಿ. ಬುಟ್ಟಿಗೆ ಬಟ್ಟೆ ಹಾಸಿ ಅದರಲ್ಲಿ ಕೂರಿಸಿಕೊಂಡು ಹೋಗಿ. ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಹಾಲಂತೂ ಬೇಡವೇ ಬೇಡ.

ಕಿವಿಯಲ್ಲಿರುವುದು ಕಜ್ಜಿ ಹುಳುವಿನ ಕೆಲಸ ಇರಬಹುದು. ಆ ಹಕ್ಕಳೆಯನ್ನು ಕೀಳಬೇಡಿ, ತುಂಬಾ ನೋವಾಗುತ್ತದೆ. ಒಂದಕ್ಕೆ ಬಂದಿದ್ದರೆ ಜೊತೆಗಿರುವ ಐದಕ್ಕೂ ಬಂದಿರುತ್ತದೆ ಅಂತಲೇ ತಿಳಿಯಿರಿ. ಇನ್ನೊಂದು, ಇದನ್ನು ದೊಡ್ಡದಾಗಿ ಹೇಳುತ್ತಿದ್ದೇನೆ: ನಾಯಿಗೆ ಹಾಕುವ, ಉಣ್ಣೆ ಹುಳು ಸಾಯಿಸುವ ಔಷಧಿಯನ್ನು ಯಾರಾದರೂ ತಂದು ಮೊಲಕ್ಕೆ ಹಾಕಿಬಿಟ್ಟಾರು. ಫಿಪ್ರೊನಿಲ್ ಇರುವ ಔಷಧಿ ಮೊಲಕ್ಕೆ ವಿಷ. ಡಾಕ್ಟರು ತೂಕ ನೋಡಿ ಕೊಟ್ಟದ್ದನ್ನೇ ಕೊಡಿ. ಕೆಲವು ಕಜ್ಜಿ ಮನುಷ್ಯರ ಕೈಗೂ ಹತ್ತುತ್ತದೆ, ಮುಟ್ಟಿದ ಮಕ್ಕಳು ಸೋಪು ಹಾಕಿ ಕೈ ತೊಳೆಯಲಿ.

ಕುದುರೆ ವಿಷಯ. ಗಾಯದ ಮೇಲೆ ಮೆತ್ತೆ ಇಟ್ಟರೆ ಗಾಯ ಮಾಗುವುದಿಲ್ಲ, ಇನ್ನೂ ಆಳವಾಗುತ್ತದೆ. ಚರ್ಮ ಪೂರ್ತಿ ಕೂಡಿಕೊಳ್ಳುವ ತನಕ ಬೆನ್ನಿಗೆ ಜೀನು ತಾಗಬಾರದು. ಕುದುರೆಗೆ ಧನುರ್ವಾಯು ಬೇಗ ಬರುತ್ತದೆ, ಹಾಗಾಗಿ ಚುಚ್ಚುಮದ್ದು ಆಗಿದೆಯಾ ಅಂತ ಕೇಳಿ. ಇನ್ನೊಂದು ಸಣ್ಣ ಗುರುತು ಹೇಳುತ್ತೇನೆ. ಜೀನು ಕೂರುವ ಜಾಗದಲ್ಲಿ ಅಲ್ಲಲ್ಲಿ ಬಿಳಿ ಕೂದಲ ಮಚ್ಚೆ ಇದೆಯಾ ನೋಡಿ. ಕಂದು ಕುದುರೆಯ ಬೆನ್ನಲ್ಲಿ ಅಂಥ ಬಿಳಿ ಮಚ್ಚೆ ಇದ್ದರೆ ಅಲ್ಲಿ ಹಿಂದೆಯೂ ಜೀನು ಉಜ್ಜಿ ಗಾಯವಾಗಿ ಮಾಗಿದೆ ಅಂತ ಅರ್ಥ. ಒಂದು ದಿನದ ಮರೆವು ಯಾವುದು, ವರ್ಷಗಳ ರೂಢಿ ಯಾವುದು ಅನ್ನುವುದನ್ನು ಪ್ರಾಣಿಯ ಮೈಯೇ ಹೇಳುತ್ತದೆ.

ಮೂರು ಮಕ್ಕಳ ಅಪ್ಪ · ಶನಿವಾರ, ರಾತ್ರಿ 10:20

ಇಷ್ಟೆಲ್ಲ ಯೋಚನೆ ಯಾಕೆ ಮೇಡಂ? ಬೆಳಗ್ಗೆ ಹೋಗಿ ವಿಡಿಯೋ ಮಾಡಿ, ಶಿಬಿರದ ಹೆಸರು ಹಾಕಿ ಫೇಸ್‌ಬುಕ್‌ಗೆ ಬಿಡಿ. ಹತ್ತು ನಿಮಿಷದಲ್ಲಿ ಎಲ್ಲರೂ ಎಚ್ಚರಾಗುತ್ತಾರೆ. ಮಕ್ಕಳಿಗೆ ಪ್ರಾಣಿಪ್ರೀತಿ ಕಲಿಸುತ್ತೇವೆ ಅಂತ ದುಡ್ಡು ತಗೊಂಡು ಹೀಗೆ ಮಾಡಿದರೆ ನನಗೆ ಮೈ ಉರಿಯುತ್ತದೆ.

ಹೊಂಗೆನೆರಳು · ಶನಿವಾರ, ರಾತ್ರಿ 11:50

ಡಾಕ್ಟರೇ, ನೀವು ಹೇಳಿದ ತಕ್ಷಣ ಫೋನ್ ಮಾಡಿದೆ. ಮೇಷ್ಟ್ರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸ್ಕೂಟರಿನಲ್ಲಿ ಹೋಗಿ ಬೀಗ ತೆಗೆದು, ಮೊಲವನ್ನು ಬುಟ್ಟಿಯಲ್ಲಿ ತಂದರು. ಪಕ್ಕದ ಊರಿನ ಒಬ್ಬ ಡಾಕ್ಟರು ಮನೆ ಬಾಗಿಲು ತೆರೆದು ನೋಡಿದರು. ಚರ್ಮದ ಕೆಳಗೆ ಡ್ರಿಪ್ ನೀರು ಕೊಟ್ಟಿದ್ದಾರೆ. ಬೆಳಗ್ಗೆವರೆಗೂ ಏನೂ ಹೇಳಲಾಗುವುದಿಲ್ಲ ಅಂದರು. ವಾಪಸ್ ಬರುವಾಗ ಮೇಷ್ಟ್ರು ದಾರಿಯುದ್ದಕ್ಕೂ ಮಾತಾಡಲಿಲ್ಲ.

ವಿಡಿಯೋ ಹಾಕುವ ಧೈರ್ಯ ನನಗಿಲ್ಲ ಅಂತಲ್ಲ. ಅದರಲ್ಲಿ 40 ಮಕ್ಕಳ ಮುಖ ಇರುತ್ತದೆ. ಜನ ಬಂದು ಗಲಾಟೆ ಮಾಡಿದರೆ ಆ ಹೊತ್ತಿನಲ್ಲಿ ಮೊಲಕ್ಕೆ ನೀರಿಡುವವರು ಯಾರು?

ರೊಪ್ಪದ ಹುಡುಗ · ಭಾನುವಾರ, ಬೆಳಗ್ಗೆ 6:15

ಅಕ್ಕಾ, ನಾವು ಚಿತ್ರದುರ್ಗದ ಕಡೆಯವರು. ಮನೆಯಲ್ಲಿ 60 ಕುರಿ, ಒಂದಿಷ್ಟು ಮೇಕೆ ಇವೆ. ನೀವು ಮೇಕೆ ಬಗ್ಗೆ ಏನೂ ಬರೆದಿಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ಬೇಸಿಗೆಯಲ್ಲಿ ಮೇಕೆ ಬಡವಾಗುತ್ತದೆ. ಮರಿ ಹಾಕಿ ಹಾಲು ಕೊಡುತ್ತಿದ್ದರೆ ಪಕ್ಕೆಲುಬು ಎಣಿಸುವ ಹಾಗೆ ಕಾಣುತ್ತದೆ. ಪೇಟೆಯಿಂದ ಬಂದವರು ಇದನ್ನು ನೋಡಿ "ಉಪವಾಸ ಹಾಕಿದ್ದಾರೆ" ಅಂದುಬಿಡುತ್ತಾರೆ. ನಮ್ಮನ್ನು ಎಷ್ಟೋ ಜನ ಹಾಗೆ ಅಂದಿದ್ದಾರೆ, ಕೇಳಿ ಸಂಕಟವಾಗಿದೆ. ಕಣ್ಣಲ್ಲಿ ನೋಡಿ ಹೇಳಬೇಡಿ, ಕೈಯಿಟ್ಟು ನೋಡಿ. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೇಲೆ ಬೆನ್ನುಮೂಳೆಯನ್ನು ಹೆಬ್ಬೆರಳಿನಿಂದ ಸವರಿ. ಮೂಳೆ ಗುಂಡಗೆ ಸಿಕ್ಕಿ, ಪಕ್ಕದಲ್ಲಿ ಸ್ವಲ್ಪ ಮಾಂಸ ತಾಗಿದರೆ ಪರವಾಗಿಲ್ಲ. ಕತ್ತಿಯ ಅಲಗಿನ ಹಾಗೆ ಚೂಪಾಗಿ ಸಿಕ್ಕಿದರೆ ಮಾತ್ರ ಏನೋ ಸರಿಯಿಲ್ಲ.

ಆಮೇಲೆ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ. ಒಳಗೆ ಕೆಂಪಗಿರಬೇಕು. ಬಿಳಚಿಕೊಂಡಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಜಂತುಹುಳು ಇರಬಹುದು. ಅಂಥ ಮೇಕೆ ಹೊಟ್ಟೆ ತುಂಬ ಮೇಯ್ದರೂ ಬಡವಾಗುತ್ತದೆ.

ಶಿಬಿರಗಳಲ್ಲಿ ನಾನು ಹೆದರುವುದು ಬೇರೆಯದಕ್ಕೆ. ಮಕ್ಕಳು ಪ್ರೀತಿಯಿಂದ ಅನ್ನ, ಬ್ರೆಡ್, ಬಿಸ್ಕತ್ತು ತಿನ್ನಿಸುತ್ತಾರೆ. ನಮ್ಮ ದೊಡ್ಡಪ್ಪನ ಎರಡು ಮೇಕೆಗಳು ಮದುವೆ ಮನೆಯ ಮಿಕ್ಕಿದ ಅನ್ನ ತಿಂದು ಮಾರನೆಯ ದಿನ ಸತ್ತವು. ಅನ್ನ ಜಾಸ್ತಿಯಾದರೆ ಹೊಟ್ಟೆಯಲ್ಲಿ ಹುಳಿಯಾಗಿ ಮೇಕೆ ಏಳುವುದೇ ಇಲ್ಲ. 40 ಮಕ್ಕಳು ತಲಾ ಒಂದು ಹಿಡಿ ಕೊಟ್ಟರೆ ಎಷ್ಟಾಯಿತು ಲೆಕ್ಕ ಹಾಕಿ.

ಆದರೆ ನೀರಿನ ವಿಷಯದಲ್ಲಿ ನೆಪವೇ ಇಲ್ಲ. ನಮ್ಮ ಅಜ್ಜ ಮೈಲಿಗಟ್ಟಲೆ ನಡೆಸಿಕೊಂಡು ಹೋದರೂ ತಾನು ಕುಡಿಯುವ ಮುಂಚೆ ಕುರಿ ಕುಡಿಸುತ್ತಿದ್ದ.

ತಾಲೂಕು ಕೋರ್ಟಿನ ವಕೀಲೆ · ಭಾನುವಾರ, ಬೆಳಗ್ಗೆ 9:30

ಹಿಂಸೆಯೋ ಉದಾಸೀನವೋ ಅಂತ ಕೇಳಿದ್ದೀರಿ. ಕಾನೂನು ಇವೆರಡನ್ನು ನೀವು ಅಂದುಕೊಂಡಷ್ಟು ಬೇರೆ ಮಾಡಿ ನೋಡುವುದಿಲ್ಲ. ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಅದರ 3ನೇ ಕಲಂ ಪ್ರಕಾರ ಪ್ರಾಣಿ ಯಾರ ಸುಪರ್ದಿಯಲ್ಲಿದೆಯೋ ಅವರೇ ಅದರ ಯೋಗಕ್ಷೇಮ ನೋಡಬೇಕು. 11ನೇ ಕಲಂನಲ್ಲಿ ಹೊಡೆಯುವುದು, ಒದೆಯುವುದರ ಜೊತೆಗೆ ಸಾಕಷ್ಟು ಮೇವು, ನೀರು, ನೆರಳು ಕೊಡದಿರುವುದೂ ಅಪರಾಧ. ಗಾಯ ಇರುವ, ಕೆಲಸಕ್ಕೆ ತಕ್ಕುದಲ್ಲದ ಪ್ರಾಣಿಯಿಂದ ದುಡಿಸುವುದು ಕೂಡ. ಅಂದರೆ ನಿಮ್ಮ ಕುದುರೆಯ ಸಂಗತಿ ನೇರವಾಗಿ ಅಲ್ಲೇ ಬರುತ್ತದೆ. 2014ರ ಮೇ ತಿಂಗಳಲ್ಲಿ ಜಲ್ಲಿಕಟ್ಟು ಕುರಿತ ನಾಗರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಸಿವು ಬಾಯಾರಿಕೆ ಇಲ್ಲದಿರುವುದು, ನೋವು ಭಯ ಇಲ್ಲದಿರುವುದು ಮುಂತಾದ ಐದು ಸ್ವಾತಂತ್ರ್ಯಗಳನ್ನು ಈ ಕಲಂಗಳ ಒಳಗೇ ಓದಬೇಕು ಅಂತ ಹೇಳಿತು.

ದಂಡ ಎಷ್ಟು ಅಂತ ಕೇಳಿದರೆ ನನಗೇ ಬೇಜಾರಾಗುತ್ತದೆ. ಮೊದಲ ಸಲಕ್ಕೆ 10ರಿಂದ 50 ರೂಪಾಯಿ. 1960ರ ಲೆಕ್ಕ. ಕೊಂದರೆ, ಅಂಗ ಊನ ಮಾಡಿದರೆ, ವಿಷ ಹಾಕಿದರೆ ವಿಷಯ ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಐದು ವರ್ಷದವರೆಗೆ ಶಿಕ್ಷೆ ಇದೆ.

ನಿಮಗೆ ನಿಜವಾಗಿ ಬೇಕಾದದ್ದು ಈ ಎರಡು ಮಾತು. ಒಂದು, 1960ರ ಕಾಯ್ದೆಯಲ್ಲಿ ಘಟನೆ ನಡೆದು ಮೂರು ತಿಂಗಳಾದ ಮೇಲೆ ಮೊಕದ್ದಮೆ ಹೂಡಲು ಆಗುವುದಿಲ್ಲ. "ಶಿಬಿರ ಮುಗಿಯಲಿ, ಆಮೇಲೆ ನೋಡೋಣ" ಅಂತ ಕೂತವರು ಎಷ್ಟೋ ಜನ ಇದರಿಂದ ಕೈ ಸುಟ್ಟುಕೊಂಡಿದ್ದಾರೆ. ಎರಡು, ನೀರು ಮೇವು ಕೊಡದ ಪ್ರಕರಣದಲ್ಲಿ ಪೊಲೀಸರು ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆ ಶುರು ಮಾಡುವ ಹಾಗಿಲ್ಲ. ಠಾಣೆಯಲ್ಲಿ ದೂರು ಬರೆದುಕೊಂಡು ಸ್ವೀಕೃತಿ ಕೊಡುತ್ತಾರೆ. ಅದಕ್ಕೆ ಬೇಸರಪಟ್ಟು ಮನೆಗೆ ಬರಬೇಡಿ. ಜಿಲ್ಲೆಗೊಂದು ಪ್ರಾಣಿ ದಯಾ ಸಂಘ ಇರುತ್ತದೆ, ಜಿಲ್ಲಾಧಿಕಾರಿಗಳು ಅದರ ಅಧ್ಯಕ್ಷರು. ಅಲ್ಲಿಗೂ ಪಶುಪಾಲನಾ ಇಲಾಖೆಗೂ ಒಂದೊಂದು ಪ್ರತಿ ಕೊಡಿ.

ಇವತ್ತೇ ಒಂದು ನೋಟ್‌ಬುಕ್ ತೆಗೆದು ಬರೆದಿಡಿ. ದಿನಾಂಕ, ಹೊತ್ತು, ಕಣ್ಣಿಗೆ ಕಂಡದ್ದು. "ಮೊಲಗಳಿಗೆ ಹಿಂಸೆ ಕೊಡುತ್ತಿದ್ದಾರೆ" ಅಂತ ಬರೆಯಬೇಡಿ. "ಮಧ್ಯಾಹ್ನ 1 ಗಂಟೆಗೆ ಕೊಳವೆಯಿಂದ ನೀರು ಬರುತ್ತಿರಲಿಲ್ಲ, ಬಟ್ಟಲು ಇಟ್ಟಾಗ ಐದು ಮೊಲ ಕುಡಿದವು" ಅಂತ ಬರೆಯಿರಿ. ಬಾಟಲಿ, ಗಾಯ, ತಗಡು ಇವುಗಳ ಫೋಟೋ ಸಾಕು. ಮಕ್ಕಳು ಫೋಟೋದಲ್ಲಿ ಬರಬಾರದು, ಹುಡುಗಿಯ ಹೆಸರು ದೂರಿನಲ್ಲಿ ಬರಬಾರದು. ನೋಡಿದವರು ನೀವು, ಸಹಿ ನಿಮ್ಮದೇ ಇರಲಿ.

ಹಾಗೇ ಒಂದು ಮಾತು. ಅಲ್ಲಿ ಪಂಜರದಲ್ಲಿ ನಮ್ಮ ಹಸಿರು ಗಿಳಿಯೋ, ನಕ್ಷತ್ರ ಆಮೆಯೋ ಇದ್ದರೆ ಅದು ಅರಣ್ಯ ಇಲಾಖೆಗೆ ಸೇರಿದ ವಿಷಯ. ಎಷ್ಟು ಚೆನ್ನಾಗಿ ಸಾಕಿದರೂ ಇಟ್ಟುಕೊಳ್ಳುವ ಹಾಗಿಲ್ಲ.

ಮೂರು ಮಕ್ಕಳ ಅಪ್ಪ · ಭಾನುವಾರ, ಬೆಳಗ್ಗೆ 10:10

ಮಕ್ಕಳ ಮುಖ ಇರುತ್ತದೆ ಅನ್ನುವುದು ನನಗೆ ಹೊಳೆದಿರಲಿಲ್ಲ. ಆ ಸಲಹೆ ವಾಪಸ್ ತಗೊಳ್ಳುತ್ತೇನೆ. ಆದರೆ ಮೇಷ್ಟ್ರು ದೊಡ್ಡವರು ಅನ್ನುವ ಕಾರಣಕ್ಕೆ ಇದು ಒಳಗೊಳಗೇ ಮುಚ್ಚಿಹೋಗಬಾರದು. ಒಳ್ಳೆಯವರ ಮನೆಯಲ್ಲೂ ಪ್ರಾಣಿ ಬಾಯಾರಿ ಸಾಯಬಹುದು.

ಅಯೋವಾದಿಂದ ಒಬ್ಬ ಅಮ್ಮ · ಭಾನುವಾರ, ಸಂಜೆ 7:00

ನಾವು ಮೂಲತಃ ಶಿವಮೊಗ್ಗದವರು, ಈಗ ಅಮೆರಿಕದ ಅಯೋವಾದಲ್ಲಿದ್ದೇವೆ. ಇಲ್ಲಿ ಫೋರ್ ಎಚ್ ಅಂತ ಮಕ್ಕಳ ಸಂಘ ಇದೆ. 1902ರಲ್ಲಿ ಒಹಾಯೊದಲ್ಲಿ ಶುರುವಾದದ್ದು. ಈಗ ಇಡೀ ದೇಶದಲ್ಲಿ ಕೃಷಿ ವಿಶ್ವವಿದ್ಯಾಲಯಗಳ ವಿಸ್ತರಣಾ ವಿಭಾಗದ ಮೂಲಕ ನಡೆಯುತ್ತದೆ. ಮಕ್ಕಳು ಮೇಕೆ, ಕುರಿ, ಹಂದಿ, ಮೊಲ ಸಾಕಿ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಮೇಳದಲ್ಲಿ ತೋರಿಸುತ್ತಾರೆ. ನನ್ನ ಮಗಳು ಮೇಕೆ ಗುಂಪಿನಲ್ಲಿದ್ದಾಳೆ. ಪ್ರಾಣಿ ತೋರಿಸುವ ಮಕ್ಕಳಿಗೆ ವೈಕ್ಯೂಸಿಎ ಅನ್ನುವ ತರಬೇತಿ ಇದೆ, 8ರಿಂದ 21 ವರ್ಷದವರಿಗೆ. ಔಷಧಿ ಹೇಗೆ ಕೊಡಬೇಕು, ಪ್ರಾಣಿಯನ್ನು ಹೇಗೆ ಹಿಡಿಯಬೇಕು, ಎಲ್ಲ ಹೇಳಿಕೊಡುತ್ತಾರೆ.

ಹೀಗಿದ್ದೂ ತಪ್ಪು ಆಗುತ್ತದೆ. ಒಂದು ಫೆಬ್ರವರಿಯಲ್ಲಿ ನಮ್ಮ ಗುಂಪಿನ 14 ವರ್ಷದ ಹುಡುಗನ ಮೇಕೆಗಳ ಬಗ್ಗೆ ಮಾತು ಬಂತು. ಗೊರಸು ಬೆಳೆದು ಚಪ್ಪಲಿಯ ತುದಿಯ ಹಾಗೆ ಮೇಲಕ್ಕೆ ತಿರುಗಿತ್ತು. ಬಕೆಟ್ಟಿನ ನೀರು ತಳದವರೆಗೂ ಮಂಜುಗಡ್ಡೆ. ಬಕೆಟ್ಟಿದೆ, ನೀರಿದೆ, ಕುಡಿಯಲಾಗದು. ನಿಮ್ಮ ಬಾಟಲಿಯ ಸಂಗತಿ ಓದಿದಾಗ ನನಗೆ ಅದೇ ಬಕೆಟ್ಟು ಕಣ್ಣಿಗೆ ಬಂತು.

ಗುಂಪಿನ ಮುಖ್ಯಸ್ಥೆ ಒಬ್ಬರೇ ಹೋಗಲಿಲ್ಲ. ನನ್ನನ್ನೂ ಕರೆದರು. ಮಕ್ಕಳ ವಿಷಯದಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು ಅನ್ನುವುದು ಇಲ್ಲಿನ ಪದ್ಧತಿ. ಅಪ್ಪ ಅಮ್ಮನಿಗೆ ಮೊದಲೇ ಫೋನ್ ಮಾಡಿ ಹೋದೆವು. ಮುಖ್ಯಸ್ಥೆ ಹುಡುಗನಿಗೆ ಕೇಳಿದ ಮೊದಲ ಪ್ರಶ್ನೆ "ಯಾಕೆ ಹೀಗೆ ಮಾಡಿದೆ?" ಅಂತಲ್ಲ. "ನೀರು ಗಟ್ಟಿಯಾಗದ ಹಾಗೆ ಏನು ಮಾಡುತ್ತಿದ್ದಿರಿ?" ಅಂತ. ಹುಡುಗ ಸ್ವಲ್ಪ ಹೊತ್ತು ನೆಲ ನೋಡಿದ. ಅಪ್ಪನಿಗೆ ಕೆಲಸ ಹೋಗಿದೆ, ಕರೆಂಟ್ ಬಿಲ್ ಜಾಸ್ತಿ ಬರುತ್ತದೆ ಅಂತ ನೀರು ಬೆಚ್ಚಗಿಡುವ ಕರೆಂಟ್ ಬಕೆಟ್ಟಿನ ಪ್ಲಗ್ ತೆಗೆದಿದ್ದಾರೆ, ದಿನಾ ಬೆಳಗ್ಗೆ ತಾನು ಕೊಡಲಿಯಿಂದ ಮಂಜು ಒಡೆದು ಶಾಲೆಗೆ ಹೋಗುತ್ತೇನೆ ಅಂದ. ಅವನು ಬರುವಷ್ಟರಲ್ಲಿ ಮತ್ತೆ ಗಟ್ಟಿ.

ಆ ವಾರವೇ ಮೇಕೆಗಳನ್ನು ಇನ್ನೊಬ್ಬರ ಕೊಟ್ಟಿಗೆಗೆ ಸಾಗಿಸಿದೆವು. ಹುಡುಗ ಶಾಲೆ ಮುಗಿಸಿ ಅಲ್ಲಿಗೇ ಹೋಗಿ ನೋಡಿಕೊಂಡ. ಬದಲಾಗದೇ ಇದ್ದಿದ್ದರೆ ಮುಖ್ಯಸ್ಥೆ ಕೌಂಟಿ ಕಚೇರಿಗೆ ಬರೆಯುತ್ತಿದ್ದರು, ಅಲ್ಲಿಂದ ಶೆರಿಫ್‌ಗೆ, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥರಿಗೆ, ಹೋಗುತ್ತಿತ್ತು. ಅದನ್ನು ಅಪ್ಪ ಅಮ್ಮನಿಗೆ ಅವತ್ತೇ ಹೇಳಿದ್ದರು, ಹೆದರಿಸದೆ, ಮುಚ್ಚಿಡದೆ. ನೀವೂ ಒಬ್ಬರೇ ಹೋಗಬೇಡಿ ಅಕ್ಕಾ.

ಹಳೆ ಶಿಬಿರದವನು · ಭಾನುವಾರ, ರಾತ್ರಿ 8:45

ಬರೆಯಬೇಕಾ ಬೇಡವಾ ಅಂತ ಬೆಳಗ್ಗೆಯಿಂದ ಯೋಚಿಸುತ್ತಿದ್ದೆ. ನಾನೂ ಮಕ್ಕಳ ಶಿಬಿರ ನಡೆಸಿದವನು. ಒಂದು ವರ್ಷ ಸೆಖೆಗೆ ನಮ್ಮ ಮೊಲ ಸತ್ತಿತು. ಮಕ್ಕಳು ಅಳುತ್ತಾರೆ ಅಂತ ರಾತ್ರಿ ಹೂತುಬಿಟ್ಟು, ಬೆಳಗ್ಗೆ "ಮೊಲ ಕಾಡಿಗೆ ಹೋಯಿತು" ಅಂದೆ. ಸಂಜೆ ಒಬ್ಬ ಹುಡುಗ ಕೈಯಲ್ಲಿ ಕ್ಯಾರೆಟ್ ಹಿಡಿದುಕೊಂಡು ಬೇಲಿಯುದ್ದಕ್ಕೂ ಕರೆಯುತ್ತಾ ನಡೆಯುತ್ತಿದ್ದ. ಕತ್ತಲಾದರೂ ಒಳಗೆ ಬರಲಿಲ್ಲ. ಅವನನ್ನು ಕೂರಿಸಿಕೊಂಡು ನಿಜ ಹೇಳುವಷ್ಟು ಧೈರ್ಯ ನನಗೆ ಅವತ್ತು ಬರಲಿಲ್ಲ. ಇವತ್ತಿಗೂ ಕೊರೆಯುತ್ತದೆ.

ಮೇಷ್ಟ್ರ ಜಾಗದಲ್ಲಿ ನಿಂತು ಹೇಳುತ್ತೇನೆ. ಶಿಬಿರದಲ್ಲಿ ಎಲ್ಲರೂ ಪ್ರಾಣಿ ನೋಡಿಕೊಳ್ಳುತ್ತಾರೆ ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಮಕ್ಕಳು ಸರದಿಯಲ್ಲಿ ಮಾಡುತ್ತಾರೆ ಅಂತ ದೊಡ್ಡವರು, ಆಳು ಇದ್ದಾನೆ ಅಂತ ಮಕ್ಕಳು. ಗೂಡಿನ ಪಕ್ಕ ಒಂದು ಬೋರ್ಡು ಹಾಕಿ, ದಿನಾ ಒಬ್ಬ ದೊಡ್ಡವರ ಹೆಸರು ಬರೆಯಿರಿ. ಮಗುವಿನ ಹೆಸರಲ್ಲ. ಮಗು ಮರೆತರೆ ಅದು ಮಗುವಿನ ತಪ್ಪಲ್ಲ. ಭಾನುವಾರಕ್ಕೂ ಹೆಸರು ಇರಲಿ.

ಇನ್ನೊಂದನ್ನು ಈಗಲೇ ಕೇಳಿ: ಮೇ ತಿಂಗಳಲ್ಲಿ ಶಿಬಿರ ಮುಗಿದ ಮೇಲೆ ಈ ಮೊಲಗಳು ಎಲ್ಲಿಗೆ ಹೋಗುತ್ತವೆ? ಎಷ್ಟೋ ಕಡೆ ಶಿಬಿರಕ್ಕೆ ಅಂತಲೇ ಕೊಂಡು ತಂದು ಆಮೇಲೆ ಕೇಳಿದವರ ಕೈಗೆ ಕೊಟ್ಟು ಕಳಿಸುತ್ತಾರೆ. ಜೂನ್‌ನಲ್ಲಿ ನೋಡಿಕೊಳ್ಳುವವರು ಯಾರು ಅಂತ ಗೊತ್ತಿಲ್ಲದಿದ್ದರೆ ಏಪ್ರಿಲ್‌ನಲ್ಲಿ ತರಬಾರದು.

ಹೊಂಗೆನೆರಳು · ಸೋಮವಾರ, ರಾತ್ರಿ 9:15

ಬೂದು ಮೊಲ ಇವತ್ತು ಬೆಳಗಿನ ಜಾವ ಹೋಯಿತು.

ಬೆಳಗ್ಗೆ ಮೇಷ್ಟ್ರು ಮಕ್ಕಳನ್ನು ಹುಣಸೆ ಮರದ ಕೆಳಗೆ ಕೂರಿಸಿದರು. ನಿಮ್ಮೆಲ್ಲರ ಮಾತನ್ನು ನಿನ್ನೆ ರಾತ್ರಿ ಫೋನಿನಲ್ಲೇ ಓದಿ ಹೇಳಿದ್ದೆ. ಕ್ಯಾರೆಟ್ ಹಿಡಿದ ಹುಡುಗನ ಮಾತಿಗೆ ಬಂದಾಗ ಅವರು "ಸಾಕಮ್ಮ" ಅಂದು ಫೋನ್ ಇಟ್ಟಿದ್ದರು. ಇವತ್ತು ಮಕ್ಕಳಿಗೆ ನೇರವಾಗಿ ಹೇಳಿದರು. "ಮೊಲ ಸತ್ತುಹೋಯಿತು. ಬಾಟಲಿಯಿಂದ ನೀರು ಬರುತ್ತಿರಲಿಲ್ಲ. ಅದನ್ನು ನೋಡಬೇಕಾಗಿದ್ದವನು ನಾನು, ನೋಡಲಿಲ್ಲ." ಸಣ್ಣವರು ಅತ್ತರು. ಅವರನ್ನು ಯಾರೂ ಸುಮ್ಮನಾಗಿಸಲಿಲ್ಲ.

ಆಮೇಲೆ ಆ ಹುಡುಗಿ ನನ್ನ ಹತ್ತಿರ ಬಂದು ಕೇಳಿದಳು, "ಅಕ್ಕಾ, ನಾನು ಶುಕ್ರವಾರ ಇನ್ನೂ ಜೋರಾಗಿ ಹೇಳಬೇಕಿತ್ತಾ?"

ಅವಳು ಶುಕ್ರವಾರವೇ ಇನ್ನೊಬ್ಬ ಸ್ವಯಂಸೇವಕರಿಗೆ ಹೇಳಿದ್ದಾಳೆ. ಅವರು "ಸುಮ್ನಿರು ಪುಟ್ಟ, ಅದು ಮಲಗಿದೆ" ಅಂದು ಕಳಿಸಿದ್ದಾರೆ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. "ನೀನು ಸರಿಯಾಗಿಯೇ ಹೇಳಿದೆ, ಕೇಳಿಸಿಕೊಳ್ಳಬೇಕಾಗಿದ್ದವರು ನಾವು" ಅಂದೆ. ಇಷ್ಟು ಹೇಳಿದ್ದು ಸಾಕಾ?

ಇನ್ನೊಂದು ಪ್ರಶ್ನೆ. 10 ವರ್ಷದ ಒಬ್ಬ ಹುಡುಗ ಮೊಲವನ್ನು ಕಿವಿ ಹಿಡಿದು ಎತ್ತಿ ಕೆಳಗೆ ಬಿಡುತ್ತಾನೆ. ಇವತ್ತು ನಾನೇ ನೋಡಿದೆ. ಕೆಲವರು ಅವನನ್ನು ಮನೆಗೆ ಕಳಿಸಿ ಅನ್ನುತ್ತಿದ್ದಾರೆ.

ಶಾಲೆಯ ಆಪ್ತಸಲಹೆಗಾರ್ತಿ · ಸೋಮವಾರ, ರಾತ್ರಿ 10:00

ಹುಡುಗಿಗೆ ನೀವು ಹೇಳಿದ್ದು ಸರಿ. ಒಂದು ಸಲಕ್ಕೆ ಅದು ಮನಸ್ಸಿಗೆ ಇಳಿಯುವುದಿಲ್ಲ, ಇನ್ನೆರಡು ಮೂರು ಸಲ ಹೇಳಿ. ಸಾಧ್ಯವಾದರೆ ಶುಕ್ರವಾರ ಅವಳ ಮಾತು ತಳ್ಳಿಹಾಕಿದ ಆ ಸ್ವಯಂಸೇವಕರೇ ಬಂದು ಅವಳ ಹತ್ತಿರ ಮಾತಾಡಲಿ. ಅದು ನಿಮ್ಮ ಹತ್ತು ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಹುಡುಗನನ್ನು ಮೊಲದಿಂದ ದೂರ ಇಡಿ, ಶಿಬಿರದಿಂದ ಅಲ್ಲ. ಚಿತ್ರಗಳಲ್ಲಿ ಮೊಲವನ್ನು ಕಿವಿ ಹಿಡಿದು ಎತ್ತುವುದನ್ನೇ ನೋಡಿರುತ್ತಾರೆ, ಎಷ್ಟೋ ಮಕ್ಕಳಿಗೆ ಬೇರೆ ಗೊತ್ತೇ ಇರುವುದಿಲ್ಲ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಕೊಟ್ಟು ಎದೆಗೆ ಒತ್ತಿ ಹಿಡಿಯುವುದನ್ನು ತೋರಿಸಿ. ಹಿಂಗಾಲು ಜೋತಾಡಿ ಒದ್ದುಕೊಂಡರೆ ಮೊಲದ ಬೆನ್ನುಮೂಳೆಯೇ ಮುರಿಯಬಹುದು ಅಂತ ಹೇಳಿ. ನೆಲದ ಮೇಲೆ ಕೂತು ಹಿಡಿಯಲಿ.

ಹೇಳಿಕೊಟ್ಟ ಮೇಲೂ ಯಾರೂ ಇಲ್ಲದಾಗ ಹೋಗಿ ಅದನ್ನೇ ಮಾಡಿದರೆ, ನೋಯಿಸಿ ಖುಷಿಪಟ್ಟರೆ, ಆಗ ಮೊಲದ ಜೊತೆ ಆ ಮಗುವಿನ ಬಗ್ಗೆಯೂ ಚಿಂತೆ ಮಾಡಬೇಕು. ಅವನ ಮೇಲೆ ಯಾರಾದರೂ ಕೈ ಮಾಡುತ್ತಿದ್ದಾರಾ, ಮನೆಯಲ್ಲಿ ಏನು ನೋಡುತ್ತಿದ್ದಾನೆ ಅಂತ ಮೆತ್ತಗೆ ತಿಳಿಯಬೇಕು. ಅನುಮಾನ ಗಟ್ಟಿಯಾದರೆ 1098 ಮಕ್ಕಳ ಸಹಾಯವಾಣಿ ಇದೆ. ಎಲ್ಲರ ಎದುರಿಗೆ ಬೈಯುವುದು ಮಾತ್ರ ಬೇಡ.

ನಿವೃತ್ತ ಪಶುವೈದ್ಯ · ಮಂಗಳವಾರ, ಬೆಳಗ್ಗೆ 7:20

ಮೊಲದ ಸುದ್ದಿ ಓದಿ ಮನಸ್ಸಿಗೆ ಬಹಳ ನೋವಾಯಿತು. ಉಳಿದ ಐದರ ಗೂಡನ್ನು ಇವತ್ತೇ ಮರದ ನೆರಳಿಗೆ ಸರಿಸಿ. 30 ಡಿಗ್ರಿ ದಾಟಿದರೆ ಮೊಲಕ್ಕೆ ಕಷ್ಟ ಶುರುವಾಗುತ್ತದೆ, ತಗಡಿನ ಕೆಳಗೆ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಬಾಟಲಿಯ ಜೊತೆಗೆ ಭಾರದ ಮಣ್ಣಿನ ಬಟ್ಟಲೂ ಇಡಿ. ಮೇಲೆ ಒದ್ದೆ ಗೋಣಿ ಹೊದಿಸಿ, ಆದರೆ ಗಾಳಿ ಆಡಲಿ. ಕ್ಯಾರೆಟ್ ಕಡಿಮೆ ಮಾಡಿ, ಹುಲ್ಲು ಜಾಸ್ತಿ ಮಾಡಿ. ಮೊಲದ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದರೆ ಮಾತ್ರ ಸವೆಯುತ್ತದೆ. ಮೇಕೆ, ಕುದುರೆಗೆ 1962ಕ್ಕೆ ಫೋನ್ ಮಾಡಿ ಕೇಳಿ, ಪಶು ಸಂಜೀವಿನಿ ವಾಹನ ಇದೆ.

ಹೊಂಗೆನೆರಳು · ಮುಂದಿನ ಭಾನುವಾರ, ರಾತ್ರಿ 8:30

ಒಂದು ವಾರವಾಯಿತು. ಆದದ್ದನ್ನು ಹೇಳುತ್ತೇನೆ, ಆಗದ್ದನ್ನೂ.

ಗೂಡು ಹುಣಸೆ ಮರದ ಕೆಳಗಿದೆ. ಐದು ಮೊಲಗಳಿಗೂ ಕಿವಿಗೆ ಔಷಧಿ ಆಗಿದೆ. ಮೇಕೆಗಳ ಬೆನ್ನು ಪರವಾಗಿಲ್ಲ, ಒಂದರ ಕಣ್ಣಿನ ರೆಪ್ಪೆ ಬಿಳಚಿತ್ತು, ಜಂತುಹುಳು ಔಷಧಿ ಕೊಟ್ಟರು. ರೊಪ್ಪದ ತಮ್ಮಾ, ನೀನು ಹೇಳಿರದಿದ್ದರೆ ಅದನ್ನು ಯಾರೂ ನೋಡುತ್ತಿರಲಿಲ್ಲ. ಊಟದ ತಟ್ಟೆ ಹಿಡಿದು ಮೇಕೆ ಹತ್ತಿರ ಹೋಗುವ ಹಾಗಿಲ್ಲ ಅಂತ ಮಕ್ಕಳೇ ಬರೆದು ಅಂಟಿಸಿದ್ದಾರೆ. ಕಿವಿ ಹಿಡಿಯುತ್ತಿದ್ದ ಹುಡುಗ ಈಗ ನೆಲದ ಮೇಲೆ ಕೂತು ಸರಿಯಾಗಿ ಹಿಡಿಯುತ್ತಾನೆ. ಒಬ್ಬರು ಪಕ್ಕದಲ್ಲಿ ಇರುತ್ತೇವೆ.

ಕುದುರೆಯದೇ ಕಷ್ಟವಾಗಿದೆ. ಅದು ಶಿಬಿರದ್ದಲ್ಲ, ಬಾಡಿಗೆಗೆ ತಂದದ್ದು. ಡಾಕ್ಟರು ಹೇಳಿದ ಬಿಳಿ ಮಚ್ಚೆ ನೋಡಿದೆ. ಬೆನ್ನಿನ ಎರಡೂ ಕಡೆ ಇವೆ, ಒಂದಲ್ಲ, ನಾಲ್ಕು. ಅದರ ಯಜಮಾನನ ಮನೆ ನಡೆಯುವುದೇ ಆ ಸವಾರಿಯ ದುಡ್ಡಿನಿಂದ. ಗಾಯ ಮಾಗುವ ತನಕ ಬಾಡಿಗೆ ಪೂರ್ತಿ ಕೊಡುತ್ತೇವೆ, ಜೀನು ಹಾಕಬೇಡಿ ಅಂತ ಮೇಷ್ಟ್ರು ಒಪ್ಪಿಸಿದ್ದಾರೆ. ಕರಪತ್ರದಲ್ಲಿ ಕುದುರೆ ಸವಾರಿ ಇತ್ತು, ಈಗ ಇಲ್ಲ ಅಂತ ಇಬ್ಬರು ಪೋಷಕರು ದುಡ್ಡು ವಾಪಸ್ ಕೇಳಿದರು. ಕೊಟ್ಟರು. ಶಿಬಿರ ಮುಗಿದ ಮೇಲೆ ಆತ ಅದನ್ನು ಜಾತ್ರೆಗೆ ಒಯ್ದರೆ ಏನು ಮಾಡುವುದು? ಅದಕ್ಕೇ ಮೇಷ್ಟ್ರೂ ನಾನೂ ಸಹಿ ಹಾಕಿ, ದಿನಾಂಕ ಮತ್ತು ಫೋಟೋ ಸಮೇತ ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ಪತ್ರ ಕೊಟ್ಟಿದ್ದೇವೆ. ದಂಡ ಹಾಕಿ ಅಂತ ಕೇಳಿಲ್ಲ, ಬಂದು ಕುದುರೆ ನೋಡಿ ಅಂತ ಕೇಳಿದ್ದೇವೆ. ಮೊಲದ ವಿಷಯವನ್ನೂ ಅದರಲ್ಲೇ ಬರೆಯಬೇಕು ಅಂತ ಮೇಷ್ಟ್ರೇ ಹೇಳಿದರು. ಉತ್ತರ ಇನ್ನೂ ಬಂದಿಲ್ಲ. ಮೂರು ತಿಂಗಳ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೇನೆ.

ಹೋದ ವಾರದ ಶುಕ್ರವಾರ ಆ ಹುಡುಗಿಯನ್ನು ಸುಮ್ಮನಾಗಿಸಿದ್ದ ಸ್ವಯಂಸೇವಕರು ಅವಳ ಹತ್ತಿರ ಹೋಗಿ ಮಾತಾಡಿದರು. ಏನು ಮಾತಾಡಿದರು ಅಂತ ಇಬ್ಬರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇವತ್ತು ಬೋರ್ಡಿನಲ್ಲಿ ನನ್ನ ಹೆಸರಿತ್ತು. ಹನ್ನೊಂದು ಗಂಟೆಗೆ ಗೂಡಿನ ಹತ್ತಿರ ಹೋದರೆ ಆ ಹುಡುಗಿ ಆಗಲೇ ಬಂದು ನೀರಿನ ಬಟ್ಟಲಿಗೆ ಬೆರಳು ಅದ್ದುತ್ತಿದ್ದಳು. "ಅಕ್ಕಾ, ನೀರು ಬಿಸಿಯಾಗಿದೆ. ಬದಲಾಯಿಸಿ" ಅಂದಳು. ಬಟ್ಟಲು ಎತ್ತಿಕೊಂಡು ನಲ್ಲಿಯ ಕಡೆ ಹೋದೆ.